ಹಳೆಯ ಚಿತ್ರಗಳಿಗೂ ಶುಕ್ರವಾರದ ಪುಟದಲ್ಲಿ ಜಾಗ ಕೊಡಿ

ಸಂಪಾದಕರಿಗೆ ನಮಸ್ಕಾರಗಳು.

ನಿಮ್ಮ ಪತ್ರಿಕೆಯ ಸಿನಿಮಾ ಪುಟವನ್ನು ನಾನು ಮೊದಲ ಸಾಲಿನಿಂದ ಕೊನೆಯ ಜಾಹೀರಾತಿನವರೆಗೆ ಓದುವವಳು. ಅಲ್ಲಿ ಹೊಸ ಚಿತ್ರಗಳಿಗೆ ವಿಮರ್ಶೆ ಬರುತ್ತದೆ, ಹಳೆಯ ಚಿತ್ರಗಳಿಗೆ ನೆನಪು ಬರುತ್ತದೆ. ನಟರು ಹುಟ್ಟಿದ ದಿನ, ತೀರಿಕೊಂಡ ದಿನ, ಚಿತ್ರಕ್ಕೆ ಐವತ್ತು ತುಂಬಿದ ದಿನ, ಇಷ್ಟರಲ್ಲೇ ಹಳೆಯ ಕನ್ನಡ ಚಿತ್ರಗಳ ಮಾತು ಮುಗಿಯುತ್ತದೆ. ಎಷ್ಟು ವಾರ ಓಡಿತು, ಆ ಪಾತ್ರಕ್ಕೆ ಮೊದಲು ಯಾರನ್ನು ಕೇಳಿದ್ದರು, ಹಾಡನ್ನು ಎಲ್ಲಿ ತೆಗೆದರು ಎಂಬುದೆಲ್ಲ ಇರುತ್ತದೆ. ಇವತ್ತು ಕೂತು ನೋಡಿದರೆ ಆ ಚಿತ್ರ ಹೇಗಿದೆ ಎಂಬ ಒಂದು ಸಾಲು ಇರುವುದಿಲ್ಲ. ವಾರಕ್ಕೆ ಒಂದು ಹಳೆಯ ಕನ್ನಡ ಚಿತ್ರವನ್ನು ಹೊಸ ಚಿತ್ರದಂತೆಯೇ ನೋಡಿ ವಿಮರ್ಶಿಸುವ ಅಂಕಣವೊಂದನ್ನು ನೀವು ಶುರು ಮಾಡಬೇಕು ಎಂದು ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಅದಕ್ಕೆ ಒಂದು ಷರತ್ತನ್ನೂ ಸೇರಿಸುತ್ತೇನೆ: ವಿಮರ್ಶಕರು ಚಿತ್ರದ ಯಾವ ಪ್ರತಿಯನ್ನು ನೋಡಿ ಬರೆದರು ಎಂಬುದನ್ನು ಮೊದಲೇ ಹೇಳಬೇಕು. ಪತ್ರ ಉದ್ದವಾಗುತ್ತದೆ, ಆದರೆ ಷರತ್ತನ್ನು ವಿವರಿಸದೆ ಬಿಟ್ಟರೆ ಅರ್ಧ ಹೇಳಿದಂತಾಗುತ್ತದೆ.

ನಾನು ಗದಗಿನವಳು. ಮದುವೆಯಾಗಿ ಪುಣೆಗೆ ಬಂದು ಇಲ್ಲಿಯವಳೇ ಆಗಿದ್ದೇನೆ. ಕರ್ವೆನಗರದಲ್ಲಿ ಸೀರೆಗೆ ಫಾಲ್ ಹಚ್ಚುವ, ಪಿಕೋ ಮಾಡುವ, ಬ್ಲೌಸ್ ಹೊಲಿಯುವ ಸಣ್ಣ ಅಂಗಡಿ ಇದೆ. ಫಾಲ್ ಹಚ್ಚುವುದು ಕೈಹೊಲಿಗೆ. ಕಣ್ಣು ಸೂಜಿಯ ಮೇಲಿರಬೇಕು, ಕಿವಿ ಮಾತ್ರ ಖಾಲಿ ಇರುತ್ತದೆ. ಹಾಗಾಗಿ ಹಳೆಯ ಕನ್ನಡ ಚಿತ್ರವನ್ನು ಮೊದಲು ಕೇಳುತ್ತೇನೆ. ವಾರವೆಲ್ಲ ಒಂದೇ ಚಿತ್ರ, ತುಂಡು ತುಂಡಾಗಿ, ಗಿರಾಕಿಗಳು ಬಂದಾಗ ನಿಲ್ಲಿಸಿ, ಹೋದ ಮೇಲೆ ಮುಂದುವರಿಸಿ. ಭಾನುವಾರ ಮಧ್ಯಾಹ್ನ ಊಟದ ಮೇಲೆ ಅದನ್ನೇ ಮನೆಯ ಟಿವಿಯಲ್ಲಿ ಮೊದಲಿನಿಂದ ಕೊನೆಯವರೆಗೆ, ಕೈಯಲ್ಲಿ ಏನೂ ಕೆಲಸವಿಲ್ಲದೆ ನೋಡುತ್ತೇನೆ. ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ತಿಂಗಳಿಗೊಮ್ಮೆ ನಮ್ಮ ಕನ್ನಡ ಹೆಂಗಸರ ಗುಂಪು ಸೇರಿದಾಗ ಭಜನೆ, ಭಿಶಿ (ಚೀಟಿ) ಎಲ್ಲ ಮುಗಿದ ಮೇಲೆ ಒಂದು ವಿಮರ್ಶೆ ಓದುವುದು ನನ್ನ ಪಾಳಿ.

ಈ ಚಾಳಿ ಹತ್ತಿಸಿದ್ದು ದೂರದರ್ಶನ. ಎಂಬತ್ತರ ದಶಕದ ಕೊನೆಗೆ ಭಾನುವಾರ ಮಧ್ಯಾಹ್ನ ಪ್ರಾದೇಶಿಕ ಭಾಷೆಗಳ ಚಿತ್ರ ಹಾಕುತ್ತಿದ್ದರಲ್ಲ, ಕನ್ನಡದ ಸರದಿ ಬಂದಾಗ ನಮ್ಮ ವಠಾರದಲ್ಲಿ ಟಿವಿ ಇದ್ದ ಮನೆಯವರು ನನ್ನನ್ನು ಕರೆದು ಮುಂದೆ ಕೂರಿಸುತ್ತಿದ್ದರು. ಕೆಳಗೆ ಇಂಗ್ಲಿಷ್ ಅಕ್ಷರ ಓಡುತ್ತಿತ್ತು. ಅದನ್ನು ಓದಲಾಗದ ಮರಾಠಿ ಹೆಂಗಸರಿಗೆ ನಾನು ಮಾತು ಮಾತಿಗೂ ಅರ್ಥ ಹೇಳಬೇಕಿತ್ತು. ಹಾಗೆ ಹೇಳುತ್ತ ನೋಡಿದ ಚಿತ್ರ ಮರೆಯುವುದೇ ಇಲ್ಲ.

ಈಗ ಷರತ್ತಿನ ಮಾತಿಗೆ ಬರುತ್ತೇನೆ. ಕೇಳುತ್ತ ನೋಡುವವಳಿಗೆ ಒಂದು ಅನುಕೂಲವಿದೆ: ಚಿತ್ರ ಎಲ್ಲಿ ಕತ್ತರಿಸಿದೆ ಎಂದು ಕಿವಿಗೆ ಮೊದಲು ತಿಳಿಯುತ್ತದೆ. ಕಣ್ಣು ಹೊಸ ದೃಶ್ಯಕ್ಕೆ ಬೇಗ ಒಗ್ಗಿಕೊಳ್ಳುತ್ತದೆ, ಆದರೆ ಪಿಟೀಲು ಒಂದು ಸಾಲಿನ ನಡುವೆ ನಿಂತು ಫಕ್ಕನೆ ಬಾಗಿಲು ಬಡಿಯುವ ಸದ್ದು ಬಂದರೆ ಕಿವಿ ಒಪ್ಪುವುದಿಲ್ಲ. ಮೊಬೈಲಿನಲ್ಲಿ ಸಿಗುವ ಹಳೆಯ ಚಿತ್ರಗಳಲ್ಲಿ ಇಂಥ ಜಾಗ ಎಷ್ಟಿವೆಯೆಂದರೆ, ನಾವು ನೋಡುತ್ತಿರುವುದು ಚಿತ್ರವನ್ನೋ ಅದರ ಉಳಿಕೆಯನ್ನೋ ಎಂದು ಕೇಳಿಕೊಳ್ಳಬೇಕಾಗುತ್ತದೆ. ನಮ್ಮ ಕಟ್ಟಡದಲ್ಲಿ ಒಬ್ಬ ಹಿರಿಯರಿದ್ದರು. ಪೇಟೆಯೊಳಗಿನ ಟಾಕೀಸೊಂದರಲ್ಲಿ ಪ್ರೊಜೆಕ್ಟರ್ ಆಪರೇಟರ್ ಆಗಿ ಇಡೀ ಆಯುಷ್ಯ ಕಳೆದವರು. ಎಲ್ಲರಿಗೂ ಅವರು ಆಪರೇಟರ್ ಕಾಕಾ. ನನ್ನ ಅನುಮಾನವನ್ನು ಹೇಳಿದಾಗ ಅವರು ಕೊಟ್ಟ ಲೆಕ್ಕವನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಇದು ಪ್ರತಿಯೊಬ್ಬ ಚಿತ್ರಪ್ರೇಮಿಗೂ ಗೊತ್ತಿರಬೇಕಾದದ್ದು.

ಚಿತ್ರದ ಮೊದಲಿಗೆ ಸೆನ್ಸಾರ್ ಸರ್ಟಿಫಿಕೇಟ್ ತೋರಿಸುತ್ತಾರಲ್ಲ, ಅದರಲ್ಲಿ ಚಿತ್ರದ ಉದ್ದ ಮತ್ತು ರೀಲುಗಳ ಸಂಖ್ಯೆ ಇರುತ್ತದೆ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಬಿಡಿ ಚಿತ್ರಗಳು, ಅಂದರೆ ಫ್ರೇಮುಗಳು. ಸೆಕೆಂಡಿಗೆ 24 ಫ್ರೇಮು ಓಡುತ್ತವೆ, ಅಂದರೆ ಸೆಕೆಂಡಿಗೆ ಒಂದೂವರೆ ಅಡಿ, ನಿಮಿಷಕ್ಕೆ 90 ಅಡಿ. ಸರ್ಟಿಫಿಕೇಟಿನಲ್ಲಿ 14,000 ಅಡಿ ಎಂದಿದ್ದರೆ 90ರಿಂದ ಭಾಗಿಸಿ: 155 ನಿಮಿಷದ ಮೇಲೆ ಸ್ವಲ್ಪ. ಮೀಟರಿನಲ್ಲಿ ಬರೆದಿದ್ದರೆ 27.4ರಿಂದ ಭಾಗಿಸಿ. ಈಗ ನಿಮ್ಮ ಕೈಯಲ್ಲಿರುವ ಪ್ರತಿ 128 ನಿಮಿಷ ಎಂದು ತೋರಿಸಿದರೆ ಎಲ್ಲೋ ಏನೋ ಹೋಗಿದೆ. ಅದರಲ್ಲೂ ಒಂದು ಸೂಕ್ಷ್ಮವಿದೆ. ಟಿವಿಗಾಗಿ ಫಿಲ್ಮಿನಿಂದ ಟೇಪಿಗೆ ಇಳಿಸುವಾಗ ನಮ್ಮ ದೇಶದಲ್ಲಿ ಸೆಕೆಂಡಿಗೆ 24ರ ಬದಲು 25 ಫ್ರೇಮು ಓಡಿಸುತ್ತಿದ್ದರು. ಆದ್ದರಿಂದ ಟಿವಿಯ ಪ್ರತಿಯಲ್ಲಿ ನೂರು ನಿಮಿಷದ ಚಿತ್ರ 96 ನಿಮಿಷದಲ್ಲಿ ಮುಗಿಯುತ್ತದೆ, ಏನೂ ಕತ್ತರಿಸದೆಯೇ. 155 ನಿಮಿಷದ್ದು 149 ಆಗುತ್ತದೆ. ಆಮೇಲೂ 21 ನಿಮಿಷ ಕಡಿಮೆ ಬಿದ್ದರೆ? 2,000 ಅಡಿಯ ಒಂದು ದೊಡ್ಡ ರೀಲು 22 ನಿಮಿಷ ಓಡುತ್ತದೆ. ಹೆಚ್ಚುಕಡಿಮೆ ಒಂದು ರೀಲೇ ಇಲ್ಲ. ಸರ್ಟಿಫಿಕೇಟಿನ ಎಡಗಡೆಯ ಕೆಳಮೂಲೆಯಲ್ಲಿ ತ್ರಿಕೋನವಿದ್ದರೆ ಸೆನ್ಸಾರಿನವರೇ ಸ್ವಲ್ಪ ಕತ್ತರಿಸಿದ್ದಾರೆ ಎಂದು ಅರ್ಥ, ಅದು ಬೇರೆ. ಬಿಡುಗಡೆಯಾದ ಮೇಲೆ ಹೋದದ್ದು ಯಾವ ಸರ್ಟಿಫಿಕೇಟಿನಲ್ಲೂ ಇರುವುದಿಲ್ಲ. ಇನ್ನು ಎಷ್ಟೋ ಪ್ರತಿಗಳಲ್ಲಿ ಸರ್ಟಿಫಿಕೇಟನ್ನೇ ಕತ್ತರಿಸಿ ಹಾಕಿರುತ್ತಾರೆ. ಆಗ ಲೆಕ್ಕಕ್ಕೆ ದಾರಿಯೇ ಇಲ್ಲ.

ಸೆಕೆಂಡಿಗೆ 25 ಫ್ರೇಮಿನ ಈ ಓಟ ಸಂಗೀತಕ್ಕೂ ತಾಗುತ್ತದೆ. ವೇಗ ಹೆಚ್ಚಿದರೆ ಶ್ರುತಿ ಏರುತ್ತದೆ; ಹಾರ್ಮೋನಿಯಂನಲ್ಲಿ ಒಂದು ಬಿಳಿ ಪಟ್ಟಿಯಿಂದ ಪಕ್ಕದ ಕರಿ ಪಟ್ಟಿಗೆ ಹೋಗುವುದರ ಸುಮಾರು ಮುಕ್ಕಾಲು ಭಾಗದಷ್ಟು. 1966ರ ‘ಸಂಧ್ಯಾರಾಗ’ದಲ್ಲಿ ‘ನಂಬಿದೆ ನಿನ್ನ ನಾದ ದೇವತೆಯೆ’ ಹಾಡಿದವರು ನಮ್ಮ ಭೀಮಸೇನ ಜೋಶಿಯವರು. ಗದಗಿನ ಮಣ್ಣಿನವರು, ಪುಣೆಯಲ್ಲಿ ನೆಲೆಸಿದವರು. ನನ್ನಂಥವಳಿಗೆ ಎರಡೂ ಕಡೆಯಿಂದ ಬಂಧು. ಸವಾಯಿ ಗಂಧರ್ವ ಸಂಗೀತ ಉತ್ಸವದಲ್ಲಿ ಅವರ ಧ್ವನಿಯನ್ನು ಎದುರಿಗೆ ಕೂತು ಕೇಳಿದ ಮಂದಿ ಈ ಊರಿನಲ್ಲಿ ಈಗಲೂ ಸಾಕಷ್ಟಿದ್ದಾರೆ. ಆ ಧ್ವನಿಯ ತೂಕ ಇಷ್ಟೇ ಇಷ್ಟು ಹಗುರಾಗಿ, ಷಡ್ಜ ಒಂದಿಷ್ಟು ಮೇಲೆ ಹೋಗಿ ಕೇಳಿದರೆ ಅವರಿಗೆ ಕಿರಿಕಿರಿಯಾಗುತ್ತದೆ. ಆ ಚಿತ್ರವನ್ನು ವಿಮರ್ಶಿಸುವವರು ಹಾಡಿನ ಬಗ್ಗೆ ಒಂದು ಮಾತು ಬರೆಯುವ ಮುಂಚೆ, ತಾವು ಕೇಳಿದ ಪ್ರತಿಯಲ್ಲಿ ಓಟ ಸರಿಯಿತ್ತೇ ಎಂದು ನೋಡಿಕೊಳ್ಳಬೇಡವೇ?

ಚೌಕಟ್ಟಿನ ಕತೆ ಇನ್ನೊಂದು. ಹಳೆಯ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ನಾಲ್ಕಕ್ಕೆ ಮೂರು. ಈಗಿನ ಟಿವಿ, ಮೊಬೈಲು ಹದಿನಾರಕ್ಕೆ ಒಂಬತ್ತು. ಎರಡೂ ಬದಿಗೆ ಕಪ್ಪು ಪಟ್ಟಿ ಬಿಟ್ಟು ತೋರಿಸಿದರೆ ಚಿತ್ರ ಪೂರ್ತಿ ಕಾಣುತ್ತದೆ. ಆದರೆ ಪರದೆ ತುಂಬಬೇಕೆಂದು ಹಿಗ್ಗಿಸುತ್ತಾರೆ, ಎಲ್ಲರೂ ಕುಳ್ಳಗೆ ದಪ್ಪಗೆ ಕಾಣುತ್ತಾರೆ. ಇಲ್ಲವೆ ಮೇಲೆ ಕೆಳಗೆ ಕತ್ತರಿಸುತ್ತಾರೆ, ಚಿತ್ರದ ನಾಲ್ಕನೇ ಒಂದು ಭಾಗ ಹೋಗುತ್ತದೆ. ನೃತ್ಯದಲ್ಲಿ ಗೆಜ್ಜೆಯ ಸದ್ದು ಬರುತ್ತದೆ, ಪಾದ ಕಾಣುವುದಿಲ್ಲ. ಸೀರೆಯ ನೆರಿಗೆ, ಅಂಚು, ನಾನು ದಿನವೂ ಕೈಯಿಟ್ಟು ಕೆಲಸ ಮಾಡುವ ಆ ಕೆಳಗಿನ ಗೇಣುದ್ದದ ಜಾಗ, ಅದೇ ಇರುವುದಿಲ್ಲ.

ಬಣ್ಣದ ವಿಷಯದಲ್ಲಂತೂ ನನಗೆ ಹೇಳುವುದು ಬಹಳವಿದೆ. ಸೀರೆಗೆ ಫಾಲ್ ಕೂಡಿಸುವಾಗ ಹಗಲು ಬೆಳಕಿನಲ್ಲಿ ಹಿಡಿದು ಬಣ್ಣ ನೋಡಬೇಕು. ಟ್ಯೂಬಿನ ಬೆಳಕಿನಲ್ಲಿ ನೋಡಿದರೆ ಜಾಂಬಳಿ (ನೇರಳೆ) ಸೀರೆಗೆ ಕಂದು ಫಾಲ್ ಬಂದು ಕೂರುತ್ತದೆ. ಪುಟ್ಟಣ್ಣ ಕಣಗಾಲರ ‘ಶರಪಂಜರ’ 1971ರ ಬಣ್ಣದ ಚಿತ್ರ. ಅದರಲ್ಲಿ ಕಲ್ಪನಾ ಉಟ್ಟ ಸೀರೆಗಳನ್ನು ನೋಡಿ ಬಂದು ಅಂಥದ್ದೇ ಬೇಕೆಂದು ಹೆಂಗಸರು ಅಂಗಡಿ ಅಂಗಡಿ ಹುಡುಕಿದರೆಂದು ನಮ್ಮ ತಾಯಿ ಹೇಳುತ್ತಿದ್ದರು. ನಾನು ಮೊದಲು ನೋಡಿದ ಪ್ರತಿಯಲ್ಲಿ ಎಲ್ಲ ಸೀರೆಯೂ ಒಂದೇ ಬಣ್ಣ: ಗುಲಾಬಿಯ ಕಡೆಗೆ ವಾಲಿದ ಕಂದು. ಗಿಡಮರವೂ ಅದೇ, ಗೋಡೆಯೂ ಅದೇ. ಕಾರಣ ಫಿಲ್ಮಿನೊಳಗೇ ಇದೆ. ಆ ಕಾಲದ ಈಸ್ಟ್‌ಮನ್‌ಕಲರ್ ಪ್ರತಿಗಳಲ್ಲಿ ಮೂರು ಬಣ್ಣದ ಪದರಗಳಿದ್ದವು. ಸಯಾನ್ ಎನ್ನುವ ನೀಲಿಹಸಿರಿನ ಬಣ್ಣ ಬೇಗ ಮಾಸುತ್ತದೆ, ಹಳದಿಯೂ ಮಾಸುತ್ತದೆ, ಉಳಿಯುವುದು ಕೆಂಪು ಛಾಯೆಯ ಪದರ. ಮಾಸಿದ ಪ್ರತಿಯಿಂದ ಟೇಪಿಗೆ ಇಳಿಸಿ, ಟೇಪಿನಿಂದ ಇನ್ನೊಂದಕ್ಕೆ ಇಳಿಸಿ, ಕೊನೆಗೆ ನಮಗೆ ಬರುವುದು ಇದು. ನಾಯಕಿ ಕಾವೇರಿಯ ಬಾಳಿನ ಏರಿಳಿತಕ್ಕೆ ತಕ್ಕಂತೆ ಸೀರೆಯ ಬಣ್ಣ ಬದಲಾಗುತ್ತದೆ ಎಂದು ಯಾರಾದರೂ ಬರೆದರೆ ಒಪ್ಪುವುದಕ್ಕೂ ಆಗುವುದಿಲ್ಲ, ಅಲ್ಲಗಳೆಯುವುದಕ್ಕೂ ಆಗುವುದಿಲ್ಲ. ಹಾಗಾಗಿ ನನ್ನ ನೋಟ್‌ಬುಕ್ಕಿನಲ್ಲಿ ಆ ಚಿತ್ರದ ಪುಟದ ಮೇಲೆ, ಈ ಪ್ರತಿಯ ಬಣ್ಣವನ್ನು ನಂಬಬೇಡಿ ಎಂದು ಕೆಂಪು ಶಾಯಿಯಲ್ಲಿ ಬರೆದಿದ್ದೇನೆ.

ಕಪ್ಪುಬಿಳುಪಿನ ಚಿತ್ರಕ್ಕೆ ಆಮೇಲೆ ಬಣ್ಣ ತುಂಬುವುದು ಇದಕ್ಕೆ ಉಲ್ಟಾ. ‘ಸತ್ಯ ಹರಿಶ್ಚಂದ್ರ’ (1965) 2008ರಲ್ಲಿ ಬಣ್ಣವಾಗಿ ಬಂತು, ‘ಕಸ್ತೂರಿ ನಿವಾಸ’ (1971) 2014ರಲ್ಲಿ. ಹೊಸ ಪೀಳಿಗೆ ಟಾಕೀಸಿಗೆ ಹೋಗಿ ರಾಜಕುಮಾರ್ ಅವರನ್ನು ದೊಡ್ಡ ಪರದೆಯಲ್ಲಿ ನೋಡಿತಲ್ಲ, ಆ ಸಂತೋಷವನ್ನು ನಾನು ಕಡಿಮೆ ಮಾಡುವುದಿಲ್ಲ. ಆದರೆ ಕಪ್ಪುಬಿಳುಪಿನ ಕಾಲದಲ್ಲಿ ಬಟ್ಟೆ ಆರಿಸುವವರು ಕ್ಯಾಮೆರಾದಲ್ಲಿ ಅದು ಎಷ್ಟು ಬೂದು ಕಾಣುತ್ತದೆ ಎಂದು ನೋಡಿ ಆರಿಸುತ್ತಿದ್ದರು. ಮುಖದ ಮೇಲೆ ಬೆಳಕು, ಹಿಂದಿನ ಗೋಡೆ ಕಪ್ಪು, ಆ ಎರಡರ ನಡುವೆ ಪಂಚೆಯ ಬಿಳಿ. ಅದೆಲ್ಲ ಅಳತೆ ಮಾಡಿ ಇಟ್ಟದ್ದು. ಬಣ್ಣ ತುಂಬಿದ ಪ್ರತಿಯನ್ನು ನೋಡಿ ಛಾಯಾಗ್ರಹಣ ಚೆನ್ನಾಗಿದೆ ಎಂದು ಬರೆಯುವವರು ಯಾರ ಕೆಲಸವನ್ನು ಹೊಗಳುತ್ತಿದ್ದಾರೆ ಎಂದು ಸ್ಪಷ್ಟಪಡಿಸಲಿ.

ಇಷ್ಟೆಲ್ಲ ಹೇಳಿದ್ದು ಹಳೆಯ ಚಿತ್ರ ನೋಡಬೇಡಿ ಎಂದಲ್ಲ. ನೋಡಿ, ನೋಡಿ ಬರೆಯಿರಿ. ಕೆಟ್ಟ ಪ್ರತಿಯಲ್ಲೂ ಒಳ್ಳೆಯ ಚಿತ್ರ ಉಸಿರಾಡುತ್ತದೆ. ಅದೇ ‘ಶರಪಂಜರ’ವನ್ನು ನನ್ನ ಅಂಗಡಿಯಲ್ಲಿ ಹಾಕಿದ್ದಾಗ ಯಾದಗಿರಿ ಕಡೆಯ ಹೆಣ್ಣುಮಗಳೊಬ್ಬಳು ಬ್ಲೌಸ್ ಒಯ್ಯಲು ಬಂದಿದ್ದಳು. ಇಲ್ಲಿ ಕಟ್ಟಡದ ಕೆಲಸಕ್ಕೆ ಬಂದ ಕುಟುಂಬ, ಈಗ ನಾಲ್ಕಾರು ಮನೆಗಳಲ್ಲಿ ಪಾತ್ರೆ ತಿಕ್ಕುತ್ತಾಳೆ. ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬಂದ ಕಾವೇರಿಯನ್ನು ಅಕ್ಕಪಕ್ಕದವರು ಹುಚ್ಚಿಯೆಂಬಂತೆಯೇ ನೋಡುವ ಭಾಗ ನಡೆದಿತ್ತು. ನಿಂತೇ ನೋಡಿದಳು, ಆಮೇಲೆ ಬಟ್ಟೆಯ ಗಂಟಿನ ಮೇಲೆ ಕೂತಳು. ‘ಅಕ್ಕಾರ, ಆಕಿಗಿ ಏನೂ ಆಗಿಲ್ರಿ. ಆಕಿನ್ನ ನೋಡಾಕ ಬರೋ ಮಂದಿಗೇ ನೆಟ್ಟಗಿಲ್ಲ’ ಅಂದಳು. ಐವತ್ತು ವರ್ಷದ ಹಿಂದಿನ ಚಿತ್ರದ ನಡುಮಧ್ಯಕ್ಕೆ ಒಂದೇ ಸಲ ಕೈ ಹಾಕಿದ ಮಾತು ಅದು. ನಾನು ಆ ವಾರದ ವಿಮರ್ಶೆಯನ್ನು ಅದರಿಂದಲೇ ಶುರು ಮಾಡಿದೆ. ಬಾಣಂತನದ ನಂತರದ ಮನಸ್ಸಿನ ಕಾಯಿಲೆಯ ಮಾತನ್ನು 1971ರಲ್ಲಿ ಜನಪ್ರಿಯ ಚಿತ್ರವೊಂದು ಎತ್ತಿತು ಎಂದು ಎಲ್ಲರೂ ಬರೆಯುತ್ತಾರೆ. ನನಗೆ ಕಂಡದ್ದೇನೆಂದರೆ, ಚಿತ್ರ ಹೆಚ್ಚು ಹೊತ್ತು ಕ್ಯಾಮೆರಾ ಇಡುವುದು ಕಾಯಿಲೆಯ ಮೇಲಲ್ಲ, ವಾಸಿಯಾದವಳನ್ನು ನೋಡುವ ಕಣ್ಣುಗಳ ಮೇಲೆ. ಗಂಡನ ಪಾತ್ರಕ್ಕೆ ಮಾತ್ರ ಒಳಗಿನ ಬದುಕೇ ಇಲ್ಲ. ಅವನು ಯಾಕೆ ಹಾಗಾದ ಎಂದು ಚಿತ್ರ ಕೇಳುವುದೇ ಇಲ್ಲ, ಅದು ಅದರ ಕೊರತೆ. ಇದನ್ನೂ ಬರೆದೆ.

ಗುಂಪಿನಲ್ಲಿ ಓದಿದಾಗ ಹಿರಿಯರೊಬ್ಬರಿಗೆ ಬೇಸರವಾಯಿತು. ಪುಟ್ಟಣ್ಣನವರ ಚಿತ್ರದಲ್ಲಿ ಕೊರತೆ ಹುಡುಕಲು ನಾವು ಯಾರು ಎಂದರು. ಅವರ ಪ್ರೀತಿ ದೊಡ್ಡದು, ಅದಕ್ಕೆ ನಮಸ್ಕಾರ. ಆದರೆ ಹೊಗಳಿಕೆ ಮಾತ್ರ ಉಳಿದ ಚಿತ್ರವನ್ನು ಯಾರೂ ನೋಡುವುದಿಲ್ಲ. ಗೋಡೆಗೆ ತೂಗುಹಾಕಿ ಮಾಲೆ ಹಾಕುತ್ತಾರೆ. ನಾನು ಪುಟ್ಟಣ್ಣನವರ ಮೂರು ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿದ್ದೇನೆ. ‘ಬೆಳ್ಳಿಮೋಡ’ 1967, ‘ಗೆಜ್ಜೆಪೂಜೆ’ 1969, ‘ಶರಪಂಜರ’ 1971. ಮೂರರಲ್ಲೂ ಕಲ್ಪನಾ. ಮೂರೂ ಹೆಂಗಸರೇ ಬರೆದ ಕಾದಂಬರಿಗಳು: ನಡುವಿನದು ಎಂ.ಕೆ. ಇಂದಿರಾ ಅವರದು, ಆಚೀಚಿನವು ತ್ರಿವೇಣಿಯವರವು. ಮೊದಲ ಚಿತ್ರದ ನಾಯಕಿ ಇಂದಿರಾ, ಆಸ್ತಿ ಕೈತಪ್ಪಿತೆಂದು ತನ್ನನ್ನು ಬಿಟ್ಟವನು ಮನಸ್ಸು ಬದಲಿಸಿ ಬಂದಾಗ ಬೇಡ ಎನ್ನುತ್ತಾಳೆ, ತಲೆ ಎತ್ತಿ ಬದುಕುತ್ತಾಳೆ. ಎರಡನೆಯ ಚಿತ್ರದ ಚಂದ್ರ ಸಾಯುತ್ತಾಳೆ. ಮೂರನೆಯ ಚಿತ್ರದ ಕಾವೇರಿ ಮತ್ತೆ ಆಸ್ಪತ್ರೆ ಸೇರುತ್ತಾಳೆ. ನಾಲ್ಕು ವರ್ಷದಲ್ಲಿ ಒಬ್ಬ ನಿರ್ದೇಶಕರ, ಒಬ್ಬ ನಟಿಯ ಚಿತ್ರಗಳಲ್ಲಿ ಹೆಣ್ಣಿಗೆ ದಾರಿ ಹೀಗೆ ಕಿರಿದಾಗುತ್ತ ಹೋಯಿತಲ್ಲ, ಯಾಕೆ? ಅದು ಕಾದಂಬರಿಗಳದ್ದೇ, ನೋಡುಗರು ಬೇಡಿದ್ದೇ, ನಿರ್ದೇಶಕರ ಒಳಗಿನದೇ? ನನ್ನ ಹತ್ತಿರ ಉತ್ತರವಿದೆ: ಕಲ್ಪನಾ ಅವರ ಅಭಿನಯದ ಶಕ್ತಿ ದುಃಖದಲ್ಲಿ ಹೆಚ್ಚು ಕಾಣುತ್ತದೆ ಎಂದು ಗೊತ್ತಾದ ಮೇಲೆ ಕತೆಗಳು ಆ ಕಡೆಗೇ ಹರಿದವು ಎಂಬುದು ನನ್ನ ಅಭಿಪ್ರಾಯ. ಒಪ್ಪದವರು ಬರೆಯಲಿ. ತ್ರಿವೇಣಿಯವರು 1963ರಲ್ಲೇ ತೀರಿಕೊಂಡರು. ತಮ್ಮ ಇಂದಿರಾ, ಕಾವೇರಿ ಇಬ್ಬರನ್ನೂ ಅವರು ಪರದೆಯ ಮೇಲೆ ನೋಡಲಿಲ್ಲ ಎನ್ನುವುದು ಮಾತ್ರ ನನ್ನನ್ನು ಬಹಳ ಕಾಡುತ್ತದೆ. ನೆನಪಿನ ಲೇಖನಗಳಲ್ಲಿ ಇಂಥ ಪ್ರಶ್ನೆ ಹುಟ್ಟುವುದಿಲ್ಲ. ಚಿತ್ರವನ್ನು ಮತ್ತೆ ನೋಡಿದರೆ ಮಾತ್ರ ಹುಟ್ಟುತ್ತದೆ.

ಒಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ‘ಬೆಳ್ಳಿಮೋಡ’ದಲ್ಲಿ ಬೇಂದ್ರೆಯವರ ‘ಮೂಡಲ ಮನೆಯ ಮುತ್ತಿನ ನೀರಿನ’ ಇದೆ, ‘ಶರಪಂಜರ’ದಲ್ಲಿ ‘ಉತ್ತರ ಧ್ರುವದಿಂ ದಕ್ಷಿಣ ಧ್ರುವಕೂ’. ಬೇಂದ್ರೆಯವರು ಓದಿದ್ದು ಇದೇ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ. ನಮ್ಮ ಗುಂಪಿನ ಹುಡುಗಿಯರಿಗೆ ಇದನ್ನು ಹೇಳಿದಾಗ ಅವರ ಮುಖ ಅರಳಿದ್ದನ್ನು ನೀವು ನೋಡಬೇಕಿತ್ತು.

ಆ ಕಾಲೇಜಿನಿಂದ ಸ್ವಲ್ಪವೇ ದೂರದಲ್ಲಿ, ಲಾ ಕಾಲೇಜ್ ರಸ್ತೆಯಲ್ಲಿ, ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ. 1964ರಲ್ಲಿ ಆರಂಭವಾದದ್ದು, 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಂದಿಗೆ (ಎನ್‌ಎಫ್‌ಡಿಸಿ) ಸೇರಿತು. ಅದನ್ನು ಕಟ್ಟಿದ ಪಿ.ಕೆ. ನಾಯರ್ ಅವರು ಚಿತ್ರ ನೋಡುವಾಗ ಕತ್ತಲೆಯಲ್ಲೇ ನೋಟ್‌ಬುಕ್ಕಿನಲ್ಲಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದರು. ನೋಡಿದ್ದನ್ನು ಬರೆದಿಡುವ ಆ ಅಭ್ಯಾಸ ನಮ್ಮ ಭಾಷೆಯ ಚಿತ್ರಗಳಿಗೂ ಬರಲಿ ಎಂಬುದು ನನ್ನ ಆಸೆ. ಬರೆದಿಡುವುದು ಯಾಕೆ ಮುಖ್ಯ ಎನ್ನುವುದಕ್ಕೆ ನಮ್ಮ ಮೊದಲ ವಾಕ್ಚಿತ್ರವೇ ಸಾಕ್ಷಿ. 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ‘ಸತಿ ಸುಲೋಚನಾ’ವನ್ನು ತೆಗೆದದ್ದು ಇದೇ ಮಹಾರಾಷ್ಟ್ರದ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ.ವಿ. ರಾವ್ ನಿರ್ದೇಶನ, ಬೆಳ್ಳಾವೆ ನರಹರಿ ಶಾಸ್ತ್ರಿಗಳ ಮಾತು ಮತ್ತು ಹಾಡು, ಸುಬ್ಬಯ್ಯ ನಾಯ್ಡು ಇಂದ್ರಜಿತು, ಆರ್. ನಾಗೇಂದ್ರರಾಯರು ರಾವಣ, ತ್ರಿಪುರಾಂಬ ಸುಲೋಚನೆ. ಹೆಸರುಗಳೆಲ್ಲ ಗೊತ್ತು. ಚಿತ್ರ ಇಲ್ಲ, ಒಂದು ಪ್ರತಿಯೂ ಉಳಿದಿಲ್ಲ. ನಾಗೇಂದ್ರರಾಯರ ರಾವಣ ಹೇಗೆ ನಡೆದ, ಹೇಗೆ ನಕ್ಕ, ಯಾವ ಜಾಗದಲ್ಲಿ ಜನ ಚಪ್ಪಾಳೆ ಹೊಡೆದರು ಎಂದು ತಿಳಿಯಬೇಕಾದರೆ ಅಂದು ನೋಡಿದವರು ಬರೆದಿಟ್ಟದ್ದನ್ನೇ ಹುಡುಕಬೇಕು.

ಆ ಕಾಲದ ಫಿಲ್ಮು ನೈಟ್ರೇಟಿನದು, ಬೆಂಕಿಯನ್ನು ಕಾಯುತ್ತಿರುವ ವಸ್ತು. 2003ರ ಜನವರಿಯಲ್ಲಿ ಇದೇ ಪುಣೆಯಲ್ಲಿ ನೈಟ್ರೇಟ್ ಚಿತ್ರಗಳಿದ್ದ ಉಗ್ರಾಣ ಹತ್ತಿ ಉರಿಯಿತು. ಆಮೇಲೆ ಬಂದ ಅಸಿಟೇಟ್ ಫಿಲ್ಮು ಅಷ್ಟು ಸುಲಭವಾಗಿ ಹತ್ತಿ ಉರಿಯುವುದಿಲ್ಲ, ಕೊಳೆಯುತ್ತದೆ. ಡಬ್ಬಿಯ ಮುಚ್ಚಳ ತೆಗೆದರೆ ವಿನೆಗರಿನ ವಾಸನೆ ಬರುತ್ತದೆ. ಓಡಿ ಮುಗಿದ ಕಪ್ಪುಬಿಳುಪು ಪ್ರತಿಗಳನ್ನು ಬೆಳ್ಳಿ ತೆಗೆಯಲು ಮಾರಿದ್ದೂ ಉಂಟು, ಉಳಿದ ಪಟ್ಟಿಯಿಂದ ಬಳೆ ಮಾಡಿದ್ದೂ ಉಂಟು.

ಒಳ್ಳೆಯ ಪ್ರತಿ ಬಂದರೆ ಏನಾಗುತ್ತದೆ ಎನ್ನುವುದಕ್ಕೂ ಕನ್ನಡ ಚಿತ್ರವೇ ಉದಾಹರಣೆ. ಇಲ್ಲಿನ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದಿ 1975ರಲ್ಲಿ ಹೊರಬಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಮುಂಬೈಯ ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಹಾಲಿವುಡ್ ನಿರ್ದೇಶಕ ಮಾರ್ಟಿನ್ ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಅದನ್ನು ಸರಿಪಡಿಸಿದ ಪ್ರತಿ 2024ರ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ನಾನು ನೋಟ್‌ಬುಕ್ಕಿನಲ್ಲಿ ಬರೆದಿರುವುದು ಅದಕ್ಕೂ ಮೊದಲಿನ, ಮಸಿ ಬಳಿದಂತಿದ್ದ ಪ್ರತಿಯನ್ನು ನೋಡಿ. ರಾತ್ರಿಯ ದೃಶ್ಯಗಳಲ್ಲಿ ನಾಯಕಿ ಯಮುನಕ್ಕನ ದನಿ ಕೇಳಿಸುತ್ತಿತ್ತು, ಮುಖ ಕಾಣಿಸುತ್ತಿರಲಿಲ್ಲ. ಎಸ್. ರಾಮಚಂದ್ರ ಅವರ ಛಾಯಾಗ್ರಹಣದ ಬಗ್ಗೆ ನಾನು ಆ ಪುಟದಲ್ಲಿ ಒಂದು ಸಾಲನ್ನೂ ಬರೆದಿಲ್ಲ, ಜಾಗ ಖಾಲಿ ಬಿಟ್ಟಿದ್ದೇನೆ. ಹೊಸ ಪ್ರತಿಯನ್ನು ದೊಡ್ಡ ಪರದೆಯಲ್ಲಿ ನೋಡಿದ ದಿನ ಅದನ್ನು ತುಂಬುತ್ತೇನೆ.

ಇನ್ನು ನಿಮ್ಮನ್ನು ಕೇಳುವುದು. ಅಂಕಣ ದೊಡ್ಡದಾಗಬೇಕಿಲ್ಲ, ಅರ್ಧ ಕಾಲಂ ಸಾಕು. ಮೇಲೆ ಚಿಕ್ಕ ಅಕ್ಷರದಲ್ಲಿ ಚಿತ್ರದ ವರ್ಷ, ಸರ್ಟಿಫಿಕೇಟಿನ ಉದ್ದ, ವಿಮರ್ಶಕರು ನೋಡಿದ ಪ್ರತಿಯ ನಿಮಿಷ, ಬಣ್ಣ ಮತ್ತು ಚೌಕಟ್ಟಿನ ಸ್ಥಿತಿ, ಕಾಣೆಯಾದ ಹಾಡುಗಳು. ಕೆಳಗೆ ವಿಮರ್ಶೆ. ನಕ್ಷತ್ರ ಕೊಡುವುದು ಬೇಡ. ಮತ್ತೊಂದು ಕೆಲಸ ನಿಮ್ಮಿಂದ ಮಾತ್ರ ಆಗುವಂಥದ್ದು: ಆ ಚಿತ್ರ ಬಿಡುಗಡೆಯಾದಾಗ ಕನ್ನಡ ಪತ್ರಿಕೆಗಳಲ್ಲಿ ಬಂದ ವಿಮರ್ಶೆ ಕಡತಗಳಲ್ಲಿ ಸಿಕ್ಕರೆ ಅದರ ನಾಲ್ಕು ಸಾಲನ್ನು ಪಕ್ಕದಲ್ಲಿ ಮುದ್ರಿಸಿ. ಅಂದಿನವರು ಏನು ಕಂಡರು, ಇಂದಿನವರು ಏನು ಕಾಣುತ್ತಾರೆ ಎಂದು ಓದುಗರು ಹೋಲಿಸಿ ನೋಡಲಿ. ಬರೆಯುವವರು ಪ್ರಸಿದ್ಧರೇ ಆಗಬೇಕೆಂದಿಲ್ಲ. ಮುಂಬೈ, ಪುಣೆ, ಸೊಲ್ಲಾಪುರ, ಗೋವಾದಲ್ಲಿ ನಮ್ಮಂತೆ ಮನೆಯಲ್ಲಿ ಕೂತು ನೋಡುವ ಕನ್ನಡಿಗರು ಬಹಳ ಇದ್ದಾರೆ. ಊರಿನಿಂದ ದೂರ ಇರುವವರಿಗೆ ಹಳೆಯ ಚಿತ್ರದ ಒಂದು ಬೀದಿ, ಒಂದು ಬಸ್ಸಿನ ಫಲಕ, ಅಡುಗೆಮನೆಯ ಮಾತಿನ ಧಾಟಿ ಎಲ್ಲ ಕಣ್ಣಿಗೆ ಬೀಳುತ್ತವೆ. ನೂರು ಸಲ ನೋಡಿದ ಚಿತ್ರದಲ್ಲೂ ಅವರು ಬೇರೆಯೇನನ್ನೋ ಹೇಳಬಲ್ಲರು.

ಓದುಗರಲ್ಲೂ ಒಂದು ಮಾತು. ಟಾಕೀಸಿನ ಹೊರಗೆ ಮಾರುತ್ತಿದ್ದ ಹಾಡಿನ ಪುಸ್ತಕಗಳು ನಿಮ್ಮ ಅಟ್ಟದಲ್ಲೋ ಟ್ರಂಕಿನಲ್ಲೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಕತೆಯನ್ನು ಅರ್ಧ ಹೇಳಿ, ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎಂದು ನಿಲ್ಲಿಸುವ ತೆಳ್ಳನೆಯ ಪುಸ್ತಕಗಳು. ಅವುಗಳಲ್ಲಿ ಹಾಡುಗಳು ಚಿತ್ರದಲ್ಲಿ ಬರುವ ಕ್ರಮದಲ್ಲೇ ಇದ್ದರೆ, ಈಗಿನ ಪ್ರತಿಯಲ್ಲಿ ಯಾವ ಹಾಡು ಎಲ್ಲಿಂದ ಹೋಯಿತು ಎಂದು ಅವುಗಳಿಂದಲೇ ಗೊತ್ತಾಗುತ್ತದೆ. ನನ್ನ ಹತ್ತಿರ ತಾಯಿಯವರು ಗದಗಿನಿಂದ ಕೊಟ್ಟು ಕಳಿಸಿದ ಕೆಲವು ಇವೆ. ಒಂದರಲ್ಲಿರುವ ಎರಡು ಹಾಡು ನಾನು ನೋಡಿದ ಯಾವ ಪ್ರತಿಯಲ್ಲೂ ಇಲ್ಲ. ಲಾ ಕಾಲೇಜ್ ರಸ್ತೆಯ ಸಂಗ್ರಹಾಲಯ ಚಿತ್ರಗಳ ಜೊತೆಗೆ ಪೋಸ್ಟರು, ಸ್ಟಿಲ್ಲು, ಹಾಡಿನ ಪುಸ್ತಕಗಳನ್ನೂ ಕಾಪಾಡುತ್ತದೆ. ಕೊಡಲು ಮನಸ್ಸಿಲ್ಲದವರು ಪ್ರತಿ ಪುಟದ ಫೋಟೋ ತೆಗೆದು ಪತ್ರಿಕೆಗಾದರೂ ಕಳಿಸಿ.

ಈ ಪತ್ರದ ಜೊತೆ ನನ್ನ ನೋಟ್‌ಬುಕ್ಕಿನಿಂದ ಎರಡು ವಿಮರ್ಶೆಗಳನ್ನು ನಕಲು ಮಾಡಿ ಇಟ್ಟಿದ್ದೇನೆ: ‘ಬೆಳ್ಳಿಮೋಡ’ ಮತ್ತು ‘ಸಂಧ್ಯಾರಾಗ’. ಎರಡಕ್ಕೂ ನಿಮಿಷದ ಲೆಕ್ಕ ಮೇಲೆಯೇ ಬರೆದಿದೆ. ಅಂಕಣ ಶುರುವಾದರೆ ಬಳಸಿಕೊಳ್ಳಿ. ಇವಕ್ಕಿಂತ ಒಳ್ಳೆಯದನ್ನು ಬೇರೆ ಓದುಗರು ಕಳಿಸಿದರೆ ಅದನ್ನೇ ಮೊದಲು ಹಾಕಿ, ನನಗೆ ಓದಲು ಸಿಗುತ್ತದೆ.

ನಿಮ್ಮ ಓದುಗಳು,
ಕರ್ವೆನಗರ, ಪುಣೆ